ಓದುಗರ ಪ್ರಶ್ನೆ: ನಗರದ ನಕ್ಷೆ ಹೇಳುವುದನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮ ನಗರಾಡಳಿತದವರು ರಸ್ತೆಗುಂಡಿಗಳ ನಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದಾರೆ. ಅದರಲ್ಲಿ ನುಣುಪಾದ ರಸ್ತೆಗಳಿರುವ ಬಡಾವಣೆ ಕಡುಗೆಂಪಾಗಿದೆ. ಗುಂಡಿಗಳೇ ತುಂಬಿರುವ ನಮ್ಮ ಭಾಗ ತಿಳಿಹಸಿರು! ಈ ನಕ್ಷೆ ಸುಳ್ಳೇ?
– ಒಬ್ಬ ಕಾಲೇಜು ವಿದ್ಯಾರ್ಥಿನಿ

ಉತ್ತರ: ನಕ್ಷೆಯಲ್ಲಿರುವ ಚುಕ್ಕೆಗಳು ನಿಜವೇ ಇರಬಹುದು, ಮೇಲಿನ ತಲೆಬರಹ ತಪ್ಪು. ಅವರು ಎಣಿಸಿರುವುದು ಬಂದ ದೂರುಗಳನ್ನು. ದೂರು ಕೊಡಲು ಫೋನ್ ಬೇಕು, ಬಿಡುವು ಬೇಕು, ಕೊಟ್ಟರೆ ಯಾರಾದರೂ ಬಂದು ನೋಡುತ್ತಾರೆಂಬ ನಂಬಿಕೆ ಬೇಕು. ಬರೆದು ಬರೆದು ಸಾಕಾಗಿ ಸುಮ್ಮನಾದವರ ಬೀದಿ ನಕ್ಷೆಯಲ್ಲಿ ತಾನಾಗಿಯೇ ಹಸಿರಾಗುತ್ತದೆ. ಬಹುಕಾಲ ನಕ್ಷೆ ಮಾಡುವ ಕೆಲಸದಲ್ಲೇ ಇದ್ದವಳು ನಾನು. ಈ ಹಸಿರು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಮುಂದಿನ ವರ್ಷದ ಡಾಂಬರು ಎಲ್ಲಿಗೆ ಹೋಗಬೇಕೆಂಬುದನ್ನು ಅದೇ ನಕ್ಷೆ ನೋಡಿ ನಿರ್ಧರಿಸುವವರಿದ್ದಾರೆ.

ಅಮೆರಿಕದ ಬಾಸ್ಟನ್ ನಗರ ‘ಸ್ಟ್ರೀಟ್ ಬಂಪ್’ ಎಂಬ ಆ್ಯಪ್ ತಂದಾಗಲೂ ಇದೇ ತೊಡಕು ಎದುರಾಯಿತು. ಕಾರಿನಲ್ಲಿರುವ ಫೋನು ಕುಲುಕಿದ ಜಾಗವನ್ನು ಗುರುತಿಸಿ ತಾನೇ ವರದಿ ಕಳಿಸುತ್ತಿತ್ತು. ಆದರೆ ಸ್ಮಾರ್ಟ್‌ಫೋನ್ ಕಡಿಮೆ ಇರುವ ಬಡವರ, ವಯಸ್ಸಾದವರ ಬೀದಿಗಳು ಬಿಟ್ಟುಹೋಗುತ್ತವಲ್ಲ? ಅಲ್ಲಿನ ಅಧಿಕಾರಿಗಳಿಗೆ ಇದು ಹೊಳೆದಿತ್ತು. ಊರಿನ ಎಲ್ಲ ಭಾಗಕ್ಕೂ ಹೋಗುವ ರಸ್ತೆ ತಪಾಸಣೆಯ ಸಿಬ್ಬಂದಿಯ ಕೈಗೇ ಮೊದಲು ಆ್ಯಪನ್ನು ಕೊಟ್ಟರು.

ನೀವು ನಿಮ್ಮ ನಗರಾಡಳಿತವನ್ನು ಕೇಳಬೇಕಾದದ್ದು ಇದನ್ನೇ: ಸಿಬ್ಬಂದಿ ಖುದ್ದಾಗಿ ನೋಡಿ ಬರೆದ ಗುಂಡಿಗಳೆಷ್ಟು, ದೂರಿನಿಂದ ತಿಳಿದವೆಷ್ಟು? ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಲಿ. ಯಾರೂ ಹೋಗಿ ನೋಡದ ಕಡೆ ಹಸಿರು ಬಳಿಯದೆ ಬೂದು ಬಣ್ಣ ಹಾಕಿ ‘ಮಾಹಿತಿ ಇಲ್ಲ’ ಎಂದು ಬರೆಯಲಿ.

ಇನ್ನೊಂದು ಮಾತು. ಗುರುತು ಸಿಗದ ವಿಳಾಸಗಳನ್ನು ತಂತ್ರಾಂಶ ಎಲ್ಲಿ ಇಡುತ್ತದೆ ಎಂಬುದನ್ನೂ ಕೇಳಿ. ಲಾಸ್ ಏಂಜಲೀಸ್ ಪೊಲೀಸರ ಅಪರಾಧ ನಕ್ಷೆಯಲ್ಲಿ ಅಂಥವೆಲ್ಲ ನಗರಸಭಾ ಭವನದ ಹತ್ತಿರದ ಒಂದೇ ಬಿಂದುವಿನಲ್ಲಿ ಹೋಗಿ ಬಿದ್ದು, ಆ ಜಾಗವೇ ಊರಿನ ಅಪರಾಧದ ಕೇಂದ್ರವೆಂಬಂತೆ ಕಾಣುತ್ತಿತ್ತು. 2009ರಲ್ಲಿ ಪತ್ರಕರ್ತರು ಅದನ್ನು ಹೊರಗೆಡವಿದರು.

ಪ್ರಶ್ನೆ: ಗೋಡೆ ತುಂಬ ಪರದೆ, ಕ್ಷಣಕ್ಷಣದ ಅಂಕಿಅಂಶ ಎಂದು ನಗರಗಳು ದೊಡ್ಡ ಮೊತ್ತ ಸುರಿಯುತ್ತಿವೆ. ಇದರಿಂದ ಜನರಿಗೆ ನಿಜವಾಗಿ ಪ್ರಯೋಜನವಿದೆಯೇ?
– ಒಬ್ಬ ನಿವೃತ್ತ ಶಿಕ್ಷಕರು

ಉತ್ತರ: ಪ್ರಯೋಜನ ಇದೆ, ಪರದೆಯ ಹಿಂದಿನ ದಾಖಲೆ ಗಟ್ಟಿಯಾಗಿದ್ದರೆ. ನಗರದ ನಕ್ಷೆ ಎಂದೊಡನೆ ಎಲ್ಲರೂ ನೆನೆಯುವುದು ವೈದ್ಯ ಜಾನ್ ಸ್ನೋ ಅವರನ್ನು. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಹಬ್ಬಿತ್ತು. ಸತ್ತವರ ಮನೆಯಿದ್ದ ಜಾಗದಲ್ಲಿ, ಒಂದು ಸಾವಿಗೆ ಒಂದರಂತೆ, ಸ್ನೋ ಕಪ್ಪು ಗೆರೆ ಹಾಕಿದರು. ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗೆರೆಗಳು ಒತ್ತೊತ್ತಾಗಿ ನಿಂತವು.

ಈ ಕಥೆಯಲ್ಲಿ ನನಗೆ ಅಷ್ಟೇ ದೊಡ್ಡವರಾಗಿ ಕಾಣುವವರು ವಿಲಿಯಂ ಫಾರ್. ಇಂಗ್ಲೆಂಡಿನಲ್ಲಿ 1837ರಿಂದ ಜನನ ಮರಣಗಳ ನೋಂದಣಿ ನಡೆಯುತ್ತಿತ್ತು. ಆ ಕಚೇರಿಯ ಅಂಕಿಅಂಶಗಳ ಹೊಣೆ ಫಾರ್ ಅವರದು. ಯಾರು, ಎಲ್ಲಿ, ಯಾವ ಕಾರಣಕ್ಕೆ ತೀರಿಕೊಂಡರು ಎಂದು ಬರೆದಿಡುವ ಪದ್ಧತಿ ಇದ್ದುದರಿಂದಲೇ ಸ್ನೋ ಕೇಳಿದಾಗ ಕೊಡಲು ಪಟ್ಟಿ ಇತ್ತು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆಂಬುದು ಆಗ ಫಾರ್ ಅವರ ನಂಬಿಕೆ, ನೀರಿನಿಂದ ಎಂಬುದು ಸ್ನೋ ಅವರ ವಾದ. ತಾವು ಒಪ್ಪದ ವಾದ ಹೂಡಿದವರಿಗೂ ಅವರು ಪಟ್ಟಿ ಕೊಟ್ಟರು. ದತ್ತಾಂಶದ ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ತಮ್ಮನ್ನು ಪ್ರಶ್ನಿಸುವವರಿಗೆ ಬೇಸಿಗೆಯ ನೀರು ಪೂರೈಕೆಯ ಲೆಕ್ಕವನ್ನು ಇಂದು ಎಷ್ಟು ನಗರಗಳು ಹಾಗೆ ಕೊಟ್ಟಾವು?

ಯಾರೂ ನೀರು ಹಿಡಿಯದಂತೆ ಬ್ರಾಡ್ ಸ್ಟ್ರೀಟಿನ ಆ ಪಂಪಿನ ಹಿಡಿಯನ್ನು ಕಳಚಿದ್ದು ಸೆಪ್ಟೆಂಬರ್ 8ರಂದು. ಹೆಸರಾದ ನಕ್ಷೆ ಸಿದ್ಧವಾದದ್ದು ಅದಾದ ಮೇಲೆ. ಹಿಡಿ ಕಳಚಿಸಿದ್ದು ಸಾವಿನ ಪಟ್ಟಿ ಮತ್ತು ಸ್ನೋ ಬಾಗಿಲಿಂದ ಬಾಗಿಲಿಗೆ ಹೋಗಿ ಕೇಳಿ ತಿಳಿದ ಸಂಗತಿ. ಹತ್ತಿರದ ಬಿಯರ್ ತಯಾರಿಕೆಯ ಕೆಲಸಗಾರರೇಕೆ ಉಳಿದುಕೊಂಡರು ಎಂದು ಕೂಡ ಅವರು ವಿಚಾರಿಸಿದ್ದರು. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಆವರಣದಲ್ಲೇ ಸ್ವಂತ ಬಾವಿಯಿತ್ತು, ಬೀದಿಯ ಪಂಪಿಗೆ ಅವರು ಹೋಗುತ್ತಿರಲಿಲ್ಲ. ಗೋಡೆಯ ಮೇಲಿನ ಪರದೆಗೆ ಹಾಕುವ ಹಣದಲ್ಲಿ ಒಂದು ಪಾಲು, ಹೀಗೆ ಹೋಗಿ ಕೇಳಿ ಬರೆದುಕೊಳ್ಳುವವರ ಸಂಬಳಕ್ಕೆ ಹೋಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಬಸ್ ಕಾರ್ಡಿನ ಪ್ರಯಾಣದ ವಿವರಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಡಬೇಕೆಂದು ನಮ್ಮ ಕಚೇರಿಯಲ್ಲಿ ಚರ್ಚೆ ನಡೆದಿದೆ. ಹೆಸರೇ ಇಲ್ಲದ ಮೇಲೆ ಭಯವೇಕೆ?
– ಸಾರಿಗೆ ಇಲಾಖೆಯ ಸಿಬ್ಬಂದಿಯೊಬ್ಬರು

ಉತ್ತರ: ದಯವಿಟ್ಟು ಅವಸರ ಮಾಡಬೇಡಿ. ನ್ಯೂಯಾರ್ಕಿನಲ್ಲಿ 2013ರ ಒಂದು ವರ್ಷದ ಸುಮಾರು 17 ಕೋಟಿ 30 ಲಕ್ಷ ಟ್ಯಾಕ್ಸಿ ಪ್ರಯಾಣಗಳ ವಿವರ, ಮಾಹಿತಿ ಹಕ್ಕಿನ ಅರ್ಜಿಯೊಂದರ ಮೂಲಕ 2014ರಲ್ಲಿ ಹೊರಬಂತು. ಟ್ಯಾಕ್ಸಿ ಮತ್ತು ಚಾಲಕರ ಪರವಾನಗಿ ಸಂಖ್ಯೆಗಳನ್ನು ‘ಹ್ಯಾಶ್’ ಎಂಬ ಗಣಿತದ ವಿಧಾನದಿಂದ ಗುರುತು ಸಿಗದಂತೆ ಬದಲಿಸಿದ್ದರು. ಆದರೆ ಅಂಥ ಸಂಖ್ಯೆಗಳ ವಿನ್ಯಾಸ ಎಲ್ಲರಿಗೂ ಗೊತ್ತಿರುವುದೇ, ಆಗಬಹುದಾದ ಸಂಖ್ಯೆಗಳೂ ಕಂಪ್ಯೂಟರಿಗೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡಿದ ತಂತ್ರಜ್ಞರೊಬ್ಬರು ಕೆಲವೇ ಗಂಟೆಗಳಲ್ಲಿ ಮೂಲ ಸಂಖ್ಯೆಗಳನ್ನು ಪಡೆದರು. ಯಾವ ಚಾಲಕ ಯಾವಾಗ ಎಲ್ಲಿದ್ದ, ಎಷ್ಟು ದುಡಿದ ಎಂಬುದೆಲ್ಲ ಬಯಲಾಯಿತು.

ಹ್ಯಾಶ್ ಇನ್ನೂ ಬಲವಾಗಿದ್ದರೂ ನಿಶ್ಚಿಂತೆಯಿಲ್ಲ. 15 ಲಕ್ಷ ಮೊಬೈಲ್ ಬಳಕೆದಾರರ ಓಡಾಟದ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬರು ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ನಾಲ್ಕು ಬಿಂದುಗಳು ಸಿಕ್ಕರೆ, 95 ಪ್ರತಿಶತ ಜನರನ್ನು ಉಳಿದೆಲ್ಲರಿಂದ ಬೇರ್ಪಡಿಸಿ ಗುರುತಿಸಬಹುದು. ಬೆಳಿಗ್ಗೆ ಹತ್ತಿದ ನಿಲ್ದಾಣ ಮನೆಯ ಸುಳಿವು ಕೊಡುತ್ತದೆ. ಆಸ್ಪತ್ರೆಯ ನಿಲ್ದಾಣದಲ್ಲಿ ವಾರವಾರವೂ ಇಳಿಯುವವರ ಕಾಯಿಲೆಯನ್ನು ಯಾರೂ ಊಹಿಸಬಲ್ಲರು.

ಸಂಶೋಧಕರಿಗೆ ಸಾಮಾನ್ಯವಾಗಿ ಬೇಕಿರುವುದು ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ಜನ ಎಂಬ ಒಟ್ಟು ಲೆಕ್ಕ. ಅಷ್ಟನ್ನೇ ಕೊಡಿ. ತೀರ ಕಡಿಮೆ ಜನ ಸಾಗಿದ ಸಾಲುಗಳನ್ನು ತೆಗೆದುಹಾಕಿ. ಒಬ್ಬೊಬ್ಬರ ಪ್ರಯಾಣದ ಸಾಲುಗಳು ಬೇಕೇ ಬೇಕು ಎನ್ನುವವರು ನಿಮ್ಮ ಕಚೇರಿಯಲ್ಲೇ, ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡಲಿ. ಯಾರಿಗೆ ಯಾವ ಉದ್ದೇಶಕ್ಕೆ ಕೊಟ್ಟಿರಿ, ಯಾವಾಗ ಅಳಿಸಬೇಕು ಎಂಬುದು ಬರಹದಲ್ಲಿರಲಿ, ಸಹಿ ಮಾಡಿದ ಅಧಿಕಾರಿಯ ಹುದ್ದೆ ಅದರಲ್ಲಿರಲಿ. ‘ಸಮಿತಿ ತೀರ್ಮಾನಿಸಿದೆ’ ಎಂಬ ವಾಕ್ಯಕ್ಕೆ ಒಪ್ಪಬೇಡಿ, ಸೋರಿಕೆಯಾದ ದಿನ ಉತ್ತರ ಕೊಡಲು ಸಮಿತಿ ಇರುವುದಿಲ್ಲ.

ಪ್ರಶ್ನೆ: ವಾರ್ಡುವಾರು ನಕ್ಷೆಗೆ ಯಾವ ಬಣ್ಣ ಒಳ್ಳೆಯದು?
– ಒಬ್ಬ ಯುವ ಪತ್ರಕರ್ತ

ಉತ್ತರ: ಒಂದೇ ಬಣ್ಣ, ತಿಳಿಯಿಂದ ಗಾಢಕ್ಕೆ. ಕೆಂಪು ಹಸಿರುಗಳ ವ್ಯತ್ಯಾಸ ಕಾಣದವರು ನಿಮ್ಮ ಓದುಗರಲ್ಲಿ ಖಂಡಿತ ಇದ್ದಾರೆ. ಬಣ್ಣಕ್ಕಿಂತ ಮೊದಲು ಬರಿಯ ಎಣಿಕೆಯನ್ನು ಜನಸಂಖ್ಯೆಯಿಂದ ಭಾಗಿಸಿ, ಇಲ್ಲದಿದ್ದರೆ ಪ್ರತಿ ಸಲವೂ ದೊಡ್ಡ ವಾರ್ಡೇ ಕೆಟ್ಟದ್ದಾಗಿ ಕಾಣುತ್ತದೆ. ಅಂಕಿಗಳು ಯಾವ ತಿಂಗಳಿನವು, ಯಾರು ಕೊಟ್ಟರು ಎಂಬುದನ್ನು ನಕ್ಷೆಯ ಮೇಲೇ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ.