ಅವ್ವನ ಸರ ಪೆಟ್ಟಿಗೆಯಲ್ಲೇ ಇರಲಿ

ಅಕ್ಕಾ, ನಮಸ್ಕಾರ. ನಮ್ಮದು ರಾಣೆಬೆನ್ನೂರು ಹತ್ತಿರದ ಹಳ್ಳಿ. ವಯಸ್ಸು 23. ಬಿ.ಕಾಂ. ಮುಗಿಸಿ ಬೆಂಗಳೂರಲ್ಲಿ ಆಡಿಟರ್ ಆಫೀಸೊಂದರಲ್ಲಿ ಕೆಲಸ ಮಾಡುತ್ತ ಪಿಜಿಯಲ್ಲಿದ್ದೇನೆ. ಸಣ್ಣಾಕಿ ಇದ್ದಾಗಿನಿಂದ ನಟನೆಯ ಹುಚ್ಚು. ನನ್ನ ರೀಲ್ಸ್ ನೋಡಿದ ಒಂದು ಏಜೆನ್ಸಿಯವರು ಫೋನ್ ಮಾಡಿ, ಸೀರಿಯಲ್‌ನಲ್ಲಿ ನಾಯಕಿಯ ತಂಗಿಯ ಪಾತ್ರ ಇದೆ ಅಂದರು. ಆದರೆ ಪೋರ್ಟ್‌ಫೋಲಿಯೊ, ಅಂದರೆ ಫೋಟೊಗಳ ಆಲ್ಬಂ ಬೇಕಂತೆ, ಅವರ ಫೋಟೊಗ್ರಾಫರ್ ಹತ್ತಿರವೇ ಮಾಡಿಸಬೇಕಂತೆ, 48,000 ರೂಪಾಯಿ. ರಿಜಿಸ್ಟ್ರೇಷನ್ ಅಂತ 5,000 ಕಳಿಸಿಬಿಟ್ಟಿದ್ದೇನೆ, ಉಳಿದದ್ದಕ್ಕೆ ಶುಕ್ರವಾರ ಗಡುವು. ಒಂದು ಸೆಟ್ 'ಬೋಲ್ಡ್' ಫೋಟೊ ಕಡ್ಡಾಯ, ಎಲ್ಲರೂ ಕೊಡುತ್ತಾರೆ ಅನ್ನುತ್ತಾರೆ. ಅವ್ವ ತನ್ನ ಎರಡೆಳೆ ಸರ ಅಡ ಇಡಲು ತಯಾರಿದ್ದಾಳೆ, ಅಪ್ಪನಿಗೆ ಗೊತ್ತಿಲ್ಲ. ಈ ಮೊದಲು ನಾನಾಗಿಯೇ ಎರಡು ಆಡಿಷನ್‌ಗೆ ಹೋಗಿದ್ದೆ. ಎರಡರಲ್ಲೂ ಬಾಯಿ ಕಟ್ಟಿತು. ಒಂದು ಕಡೆ 'ನಿಮ್ಮ ಕನ್ನಡ ಕಾಮಿಡಿಗಾದರೆ ಸರಿ' ಅಂದರು. ಇದನ್ನೂ ಬಿಟ್ಟರೆ ಮತ್ತೆ ಅವಕಾಶ ಸಿಗುತ್ತದಾ? ಏನು ಮಾಡಲಿ?
– ಹೆಸರು ಹಾಕಬೇಡಿ

ತಂಗೀ,

ಅಕ್ಕಾ ಅಂದಿದ್ದೀಯ, ನೀನು ಅಂತಲೇ ಬರೆಯುತ್ತೇನೆ. ಮೊದಲು ಊರಿಗೆ ಫೋನ್ ಹಚ್ಚಿ, ಸರ ಪೆಟ್ಟಿಗೆಯಲ್ಲೇ ಇರಲಿ ಅಂತ ಅವ್ವನಿಗೆ ಹೇಳು. ಆಮೇಲೆ ಮುಂದಕ್ಕೆ ಓದು.

ನೀನು ಲೆಕ್ಕಪತ್ರ ನೋಡುವವಳು, ಇದನ್ನೂ ಲೆಕ್ಕದ ಹಾಗೆಯೇ ನೋಡು. ಸೀರಿಯಲ್‌ಗೆ ಕಲಾವಿದರನ್ನು ಹುಡುಕುವವರಿಗೆ ದುಡ್ಡು ಬರುವುದು ನಿರ್ಮಾಣ ಸಂಸ್ಥೆಯಿಂದ. ಕಲಾವಿದರನ್ನು ಸಂಸ್ಥೆಗೆ ಗೊತ್ತು ಮಾಡಿಕೊಡುವ ಕೋಆರ್ಡಿನೇಟರ್ ಮೂಲಕ ಹೋದರೆ ಆತ ನಿನ್ನ ಪೇಮೆಂಟ್ ಬಂದ ಮೇಲೆ ಅದರಲ್ಲಿ ಕಮಿಷನ್ ಹಿಡಿಯುತ್ತಾನೆ. ಎರಡರಲ್ಲೂ ಕೆಲಸಕ್ಕೆ ಮೊದಲು ನಿನ್ನ ಜೇಬಿಂದ ಹೋಗುವ ದುಡ್ಡಿಗೆ ಕಲಮೇ ಇಲ್ಲ. ಇವರಿಗೆ ಆದಾಯವೇ ಆ 48,000. ನಿನ್ನಂಥ ಹತ್ತು ಹುಡುಗಿಯರು ತಿಂಗಳಿಗೆ ಸಿಕ್ಕರೆ ಮುಗಿಯಿತು, ಸೀರಿಯಲ್ ಇದ್ದರೇನು, ಇಲ್ಲದಿದ್ದರೇನು? ನನ್ನ ಮಾತು ನಂಬುವುದೂ ಬೇಡ. ಯಾವ ಚಾನೆಲ್, ಯಾವ ನಿರ್ಮಾಣ ಸಂಸ್ಥೆ, ನಿರ್ದೇಶಕರು ಯಾರು ಅಂತ ಬರಹದಲ್ಲಿ ಕೇಳು. ಬೇರೆಯವರ ಹತ್ತಿರ ತೆಗೆಸಿದ ಫೋಟೊ ತಂದರೆ ಆಗುತ್ತಾ ಅಂತಲೂ ಕೇಳು. ಪಾತ್ರ ನಿಜವಿದ್ದರೆ ಫೋಟೊ ಯಾರು ತೆಗೆದರೇನಂತೆ?

ಹೋದ 5,000ವನ್ನು ವಾಪಸ್ ಕೇಳಿ ಮೆಸೇಜ್ ಹಾಕು, ಫೋನಲ್ಲಿ ಮಾತು ಬೇಡ. ಚಾಟ್, ಯುಪಿಐ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೋ. ನಂಬರ್ ಬ್ಲಾಕ್ ಮಾಡಿದರೆ ಅಥವಾ ನಾಳೆ ನಾಡಿದ್ದು ಅಂದರೆ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡು. ಬೇಗ ಕೊಟ್ಟಷ್ಟೂ ಆ ಖಾತೆಯಲ್ಲಿ ದುಡ್ಡು ಹಿಡಿದು ನಿಲ್ಲಿಸುವ ಸಾಧ್ಯತೆ ಜಾಸ್ತಿ. ಸಿಗದೇ ಹೋದರೂ ಐದು ಸಾವಿರಕ್ಕೆ ನಿಂತಿತು ಅಂದುಕೋ. ಹೋದ ಐದನ್ನು ಉಳಿಸಲು ಮತ್ತೆ ನಲವತ್ಮೂರು ಸುರಿಯುವವರನ್ನು ನಾನು ನೋಡಿದ್ದೇನೆ.

'ಬೋಲ್ಡ್' ಸೆಟ್ ವಿಷಯ. ಸಂಜೆ ಏಳು ಗಂಟೆಗೆ ಅಜ್ಜಿ, ಮೊಮ್ಮಗ ಎಲ್ಲರೂ ಕೂತು ನೋಡುವ ಸೀರಿಯಲ್‌ನಲ್ಲಿ ತಂಗಿ ಪಾತ್ರಕ್ಕೆ ಅದು ಯಾಕೆ ಬೇಕು? ಈಜುಡುಗೆಯ ಮಾಡೆಲಿಂಗ್ ಕೂಡ ಒಂದು ಕೆಲಸವೇ. ಆದರೆ ಅದಕ್ಕೆ ಕ್ಲೈಂಟ್ ಇರುತ್ತಾರೆ, ಕರಾರು ಇರುತ್ತದೆ, ಮಾಡುವವಳು ತಾನಾಗಿ ಒಪ್ಪಿರುತ್ತಾಳೆ. ಕ್ಲೈಂಟೇ ಇಲ್ಲದ ಫೋಟೊ ಅವರ ಮೆಮೊರಿ ಕಾರ್ಡಿನಲ್ಲಿ ಉಳಿದರೆ ಮುಂದೆ ಅದರ ಕಡಿವಾಣ ಯಾರ ಕೈಯಲ್ಲಿ?

ಹಾಗಾದರೆ ಫೋಟೊ ಬೇಡವೇ? ಬೇಕು, ಆದರೆ ಆಲ್ಬಂ ಬೇಡ. ತೊಂಬತ್ತರ ದಶಕದಲ್ಲಿ ನಾನು ಮೊದಲ ಸಲ ಅವಕಾಶ ಕೇಳಲು ಹೋದಾಗ, ಹಿಂದೆ ಜಲಪಾತದ ಪರದೆ ಇದ್ದ ಸ್ಟುಡಿಯೊ ಫೋಟೊ ಹನ್ನೆರಡು ಒಯ್ದಿದ್ದೆ. ಎದುರಿಗೆ ಕೂತವರು ಒಂದೊಂದೇ ತಿರುವಿ, ನನ್ನ ಮುಖ ನೋಡಿ, 'ಇವರು ಬಂದಿಲ್ವಾ?' ಅಂತ ಕೇಳಿದರು. ಅಷ್ಟು ಬಣ್ಣ ಬಳಿಸಿಕೊಂಡಿದ್ದೆ! ಇವತ್ತು ಆ ಬಣ್ಣದ ಕೆಲಸವನ್ನು ಫಿಲ್ಟರ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಆಯ್ಕೆ ಮಾಡುವವರಿಗೆ ಬೇಕಾಗಿರುವುದು ನೀನು ಬಾಗಿಲಲ್ಲಿ ಬಂದು ನಿಂತಾಗ ಹೇಗಿರುತ್ತೀಯೋ ಆ ಮುಖ. ಬೆಳಿಗ್ಗೆ ಟೆರೇಸಿನ ನೆರಳಲ್ಲಿ, ಬಿಳಿ ಗೋಡೆಯ ಎದುರು ನಿಲ್ಲು. ಒಂದೇ ಬಣ್ಣದ ಕುರ್ತಾ ಸಾಕು, ಮುಖದ ಮೇಲೆ ಕೂದಲು ಬೀಳದಿರಲಿ. ರೂಮ್‌ಮೇಟ್ ಕೈಗೆ ಫೋನ್ ಕೊಟ್ಟು ಹಿಂದಿನ ಕ್ಯಾಮೆರಾದಲ್ಲಿ ತೆಗೆಸು. ಒಂದು ಕ್ಲೋಸಪ್, ಎಡ ಬಲ ಪಕ್ಕದ ಮುಖ, ಸೊಂಟದವರೆಗೆ ಒಂದು, ಪಾದದವರೆಗೆ ಒಂದು, ಹಲ್ಲು ಕಾಣುವಂತೆ ನಕ್ಕಿದ್ದೊಂದು, ಸೀರೆಯಲ್ಲಿ ಒಂದು. ಜೊತೆಗೆ ಹೆಸರು, ವಯಸ್ಸು, ಎತ್ತರ, ಬರುವ ಭಾಷೆ ಹೇಳುವ ಒಂದು ನಿಮಿಷದ ವಿಡಿಯೊ. ಫ್ಯಾನ್ ಆರಿಸಿ ಮಾಡು, ಪಕ್ಕದಲ್ಲಿ ಕುಕ್ಕರ್ ಕೂಗುವ ಹೊತ್ತು ಬೇಡ. ಆಧಾರ್ ಪ್ರತಿ ಕಳಿಸಬೇಡ, ಆಯ್ಕೆಗೆ ಮೊದಲು ಯಾರಿಗೂ ಅದು ಬೇಕಿಲ್ಲ.

ಚಿಕ್ಕಪೇಟೆಯ ಸೀರೆ ಅಂಗಡಿಗೋ ಒಡವೆ ಕ್ಯಾಟಲಾಗಿಗೋ ಮಾಡೆಲ್ ಆಗುವ ಮನಸ್ಸಿದ್ದರೆ ಮಾತ್ರ ಒಳ್ಳೆಯ ಪೋರ್ಟ್‌ಫೋಲಿಯೊ ಬೇಕಾಗುತ್ತದೆ. ಅಲ್ಲೂ ಮೊದಲು ಕೊಲಾಬ್ ಶೂಟ್ ಹುಡುಕು: ಹೊಸ ಫೋಟೊಗ್ರಾಫರ್, ಹೊಸ ಮೇಕಪ್ ಹುಡುಗಿ, ಹೊಸ ಮಾಡೆಲ್, ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ. ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗು. ಯಾವ ಉಡುಪು, ಫೋಟೊ ಎಲ್ಲೆಲ್ಲಿ ಹಾಕಬಹುದು ಅಂತ ಮೊದಲೇ ಮೆಸೇಜಿನಲ್ಲಿ ಬರೆದುಕೋ. ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಹಕ್ಕು ತೆಗೆಸಿದವರದು. ಬಿಟ್ಟಿ ಶೂಟ್‌ನಲ್ಲಿ ಅದು ಫೋಟೊಗ್ರಾಫರ್ ಕಡೆ ಹೋಗುತ್ತದೆ, ಅದಕ್ಕೇ ಬರೆದುಕೋ ಅಂದದ್ದು.

ಇನ್ನು ಬಾಯಿ ಕಟ್ಟಿದ್ದು. ಪತ್ರದಲ್ಲಿ ಇದನ್ನು ಕೊನೆಗೆ ಬರೆದಿದ್ದೀಯ. ನನಗೆ ಕಂಡಂತೆ ನಿನ್ನ ನಿಜವಾದ ಭಯ ಇದೇ, 48,000 ಕೊಟ್ಟರೆ ಆಡಿಷನ್ ತಪ್ಪುತ್ತದೆ ಅನ್ನುವ ಆಸೆ ಎಲ್ಲೋ ಒಳಗಿದೆ. ತಪ್ಪುವುದಿಲ್ಲ.

ಆಡಿಷನ್‌ನಲ್ಲಿ ಕೈಗೆ ಸಂಭಾಷಣೆಯ ಹಾಳೆ ಕೊಟ್ಟ ಕೂಡಲೇ ಉರು ಹೊಡೆಯುತ್ತ ಕೂರಬೇಡ. ಮೊದಲು ಯೋಚಿಸು: ಈ ಪಾತ್ರದ ಹುಡುಗಿ ಎದುರಿನವರಿಂದ ಏನು ಕಿತ್ತುಕೊಳ್ಳಬೇಕು ಅಂತ ಬಂದಿದ್ದಾಳೆ, ದುಡ್ಡೋ, ಕ್ಷಮೆಯೋ, ಒಂದು ನಿಜವೋ? ಅದು ಸಿಕ್ಕರೆ ಸಾಲು ಮರೆತರೂ ಮಾತು ನಿಲ್ಲುವುದಿಲ್ಲ. ಶುರು ಮಾಡುವ ಮೊದಲು 'ಫ್ರೇಮ್ ಎಲ್ಲಿಯವರೆಗೆ ಇದೆ ಸರ್?' ಅಂತ ಕೇಳು. ಎದೆಯವರೆಗೆ ಅಂದರೆ ನೀನು ಕೈ ಬೀಸಿದ್ದು ಯಾರಿಗೂ ಕಾಣುವುದಿಲ್ಲ, ಕಣ್ಣಲ್ಲೇ ಮಾಡಬೇಕು. ಸಾಲು ತಪ್ಪಿದರೆ ನಾಲಿಗೆ ಕಚ್ಚಿ 'ಸಾರಿ' ಅನ್ನಬೇಡ, ಮುಂದಕ್ಕೆ ಹೋಗು. ಸೀರಿಯಲ್ ಸೆಟ್ಟುಗಳಲ್ಲಿ ಪ್ರಾಂಪ್ಟಿಂಗ್ ಅನ್ನುವುದೊಂದಿದೆ. ಸಹಾಯಕ ನಿರ್ದೇಶಕರು ಫ್ರೇಮಿನ ಆಚೆ ನಿಂತು ಸಾಲು ಹೇಳುತ್ತಾರೆ, ನೀನು ಅದನ್ನು ಕೇಳಿಸಿಕೊಂಡು, ಕಣ್ಣು ಆ ಕಡೆ ಹೊರಳದ ಹಾಗೆ, ಈಗ ತಾನೇ ಹೊಳೆದಂತೆ ಆಡಬೇಕು. ಇದು ರೂಢಿಯಿಂದ ಬರುವ ವಿದ್ಯೆ. ದಿನಾ ರಾತ್ರಿ ರೂಮ್‌ಮೇಟ್ ಕೈಲಿ ಪೇಪರ್ ಓದಿಸಿ ಹತ್ತು ನಿಮಿಷ ಮಾಡು, ತಿಂಗಳಲ್ಲಿ ಗೊತ್ತಾಗುತ್ತದೆ.

'ಕಾಮಿಡಿಗಾದರೆ ಸರಿ' ಅಂದದ್ದು ಓದಿ ನನಗೂ ಸಿಟ್ಟು ಬಂತು. ಮಲೆನಾಡಿಂದ ಬಂದ ನನಗೂ 'ಹೌದನಾ' ಅಂದಾಗಲೆಲ್ಲ ಸೆಟ್ಟಿನಲ್ಲಿ ನಗುತ್ತಿದ್ದರು. ಆದರೆ ಸಿಟ್ಟಿನಿಂದ ಪಾತ್ರ ಸಿಗುವುದಿಲ್ಲ. 'ಏನ್ ಮಾಡಾಕತ್ತಿ' ನಿನ್ನ ಹತ್ತಿರ ಹುಟ್ಟಿನಿಂದ ಇದೆ, 'ಏನ್ ಮಾಡ್ತಿದ್ದೀಯ'ವನ್ನೂ ಅಷ್ಟೇ ಸಲೀಸಾಗಿ ಬರಿಸಿಕೋ. ಒಂದೇ ದೃಶ್ಯವನ್ನು ಎರಡೂ ಕನ್ನಡದಲ್ಲಿ ರೆಕಾರ್ಡ್ ಮಾಡಿ ಕೇಳು. ಪದಕ್ಕಿಂತ ಸಾಲಿನ ಕೊನೆಯ ಎಳೆತದಲ್ಲಿ ಊರು ಗೊತ್ತಾಗುತ್ತದೆ, ಅಲ್ಲಿ ಕೆಲಸ ಮಾಡು.

ಬಾಯಿ ಬಿಡಿಸಲು ರಂಗಭೂಮಿಯಷ್ಟು ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಹಿಂದೆ ಸಂಸ ಬಯಲು ರಂಗಮಂದಿರ ಇದೆ. ಆಫೀಸು ಮುಗಿಸಿ ಒಂದು ಸಂಜೆ ಅತ್ತ ಹೋಗು, ಕೆಲಸದ ಜೊತೆಗೇ ನಾಟಕ ಮಾಡುವ ತಂಡದವರು ಸಿಗುತ್ತಾರೆ. ಒಂದು ವರ್ಷ ಪೂರ್ತಿ ಕೊಡುವ ಧೈರ್ಯ ಬಂದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಿದೆ. ಸದ್ಯಕ್ಕೆ ಕೆಲಸ ಬಿಡಬೇಡ. ಪಿಜಿ ಬಾಡಿಗೆ ಬಾಕಿ ಇದ್ದವಳಿಗೆ ಕೆಟ್ಟ ಆಫರ್ ಕೂಡ ಒಳ್ಳೆಯದಾಗಿ ಕಾಣುತ್ತದೆ.

ರಾತ್ರಿ ಹೋಟೆಲ್ ರೂಮಿನಲ್ಲಿ ಆಡಿಷನ್ ಅಂದರೆ ಹೋಗಬೇಡ, ಅಷ್ಟೇ. ಎಲ್ಲಾದರೂ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ, ಇನ್ನೂ ಕೆಲಸಕ್ಕೆ ಸೇರಿಲ್ಲವಲ್ಲ ಅಂತ ಸುಮ್ಮನಾಗಬೇಡ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ದೂರು ಕೊಡುವ ಹೆಣ್ಣು ಅಲ್ಲಿಯ ನೌಕರಳೇ ಆಗಿರಬೇಕೆಂದಿಲ್ಲ.

ಅಪ್ಪನಿಗೆ ನೀನೇ ಹೇಳು, ಈ ಏಜೆನ್ಸಿಯ ಕತೆಯಿಂದಲ್ಲ, ನಾಟಕದ ತಂಡ ಸೇರುತ್ತೇನೆ ಅನ್ನುವುದರಿಂದ ಶುರು ಮಾಡು. ಮೊದಲ ಪ್ರದರ್ಶನಕ್ಕೆ ಅವ್ವ ಅಪ್ಪ ಇಬ್ಬರನ್ನೂ ಕರೆಸು, ಅವ್ವ ಆ ಸರ ಹಾಕಿಕೊಂಡು ಬರಲಿ.

ಏಜೆನ್ಸಿಗೆ ಇವತ್ತೇ ಇಷ್ಟು ಕಳಿಸು: 'ನಿಮ್ಮ ಪ್ಯಾಕೇಜ್ ನನಗೆ ಬೇಡ. ನಾನು ಕಟ್ಟಿದ 5,000 ರೂಪಾಯಿಯನ್ನು ಶುಕ್ರವಾರದೊಳಗೆ ಇದೇ ನಂಬರಿಗೆ ವಾಪಸ್ ಹಾಕಿ.' ಗಡುವು ಅವರದೇ, ಬದಲಿಸುವ ಅಗತ್ಯವಿಲ್ಲ.