ಎಣ್ಣೆ ಹೊಡೆದವರು ಅಪ್ಪ, ಚಿಂತೆ ಮಗಳಿಗೆ

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಅಪ್ಪ ವರ್ಷಗಟ್ಟಲೆ ಹತ್ತಿಗೆ, ಮೆಣಸಿನಕಾಯಿಗೆ ಎಣ್ಣೆ (ಕೀಟನಾಶಕ) ಹೊಡೆದವರು. ಕಾಳಿನ ಚೀಲದ ಸುತ್ತ ಡಿಡಿಟಿ ಪುಡಿ ಉದುರಿಸುತ್ತಿದ್ದುದು ನನಗಿನ್ನೂ ನೆನಪಿದೆ. ಇಂಥ ವಿಷ ರಕ್ತದಲ್ಲಿ ಜೀನ್‌ಗಳನ್ನೇ ಬದಲಿಸುತ್ತದೆ ಅಂತ ಓದಿದೆ. ಈಗ ಎರಡು ತಿಂಗಳ ಕೂಸಿದೆ. ಹಾಲು ಕುಡಿಸಬಹುದಾ? ರಕ್ತ ಪರೀಕ್ಷೆ ಮಾಡಿಸಲಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಕೂಸಿನ ಮಾತು. ಹಾಲು ಬಿಡಿಸಬೇಡಿ ತಂಗಿ. ಡಿಡಿಟಿಯಂಥದ್ದು ಎದೆಹಾಲಿಗೆ ಸ್ವಲ್ಪ ಇಳಿಯುವುದು ನಿಜ, ಆದರೆ ಹಾಲಿನಿಂದ ಕೂಸಿಗೆ ಸಿಗುವುದು ಅದಕ್ಕಿಂತ ಎಷ್ಟೋ ದೊಡ್ಡದು. ಆರು ತಿಂಗಳು ಬರೀ ಎದೆಹಾಲು ಕೊಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಇನ್ನು ರಕ್ತ. ಇಲ್ಲಿ ಜೀನ್ ಬದಲಾಗುವ ಮಾತಿಲ್ಲ. ಡಿಎನ್‌ಎ ಮೇಲೆ ಅಲ್ಲಲ್ಲಿ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಅಂಟಿಕೊಂಡಿರುತ್ತದೆ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ನಿರಬೇಕು ಅನ್ನುವುದರಲ್ಲಿ ಅದರ ಕೈವಾಡ ಇದೆ. ಎಪಿಜೆನೆಟಿಕ್ಸ್ ಅನ್ನೋ ವಿಜ್ಞಾನ ನೋಡುವುದು ಇಂಥ ಗುರುತುಗಳನ್ನೇ. ಡಿಡಿಟಿ, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಇರುತ್ತಿದ್ದ ಪಿಸಿಬಿ ಅನ್ನೋ ರಾಸಾಯನಿಕ, ಇವು ಮೈಯಿಂದ ಬೇಗ ಹೋಗಲ್ಲ, ಕೊಬ್ಬಿನಲ್ಲಿ ಕೂತು ವರ್ಷಗಟ್ಟಲೆ ರಕ್ತಕ್ಕೆ ಒಂದಿಷ್ಟೊಂದಿಷ್ಟೇ ಇಳಿಯುತ್ತವೆ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ಸೀಲ್, ತಿಮಿಂಗಿಲದ ಕೊಬ್ಬು ತಿನ್ನುವವರು. ಅವರ ರಕ್ತ ನೋಡಿದ 2008ರ ಅಧ್ಯಯನದಲ್ಲಿ, ಈ ವಿಷಗಳು ಜಾಸ್ತಿ ಇದ್ದವರಲ್ಲಿ ಒಟ್ಟಾರೆ ಮೀಥೈಲ್ ಗುರುತು ಕಡಿಮೆ ಕಂಡಿತು.

ಆದರೆ ಅದು ಗುಂಪಿನ ಲೆಕ್ಕ. ಪಕ್ವವಾದ ಕೆಂಪು ಕಣದಲ್ಲಿ ಡಿಎನ್‌ಎ ಇಟ್ಟುಕೊಳ್ಳುವ ನ್ಯೂಕ್ಲಿಯಸ್ಸೇ ಇರಲ್ಲ, ಹಾಗಾಗಿ ಅಳೆಯುವುದು ಬಿಳಿ ಕಣಗಳ ಡಿಎನ್‌ಎ. ಬಿಳಿ ಕಣದಲ್ಲೂ ಹಲವು ಬಗೆ, ಒಂದೊಂದರ ಗುರುತೂ ಬೇರೆ. ಜ್ವರ ಬಂದು ಆ ಕಣಗಳ ಪ್ರಮಾಣ ಏರುಪೇರಾದರೂ ಫಲಿತಾಂಶ ಬದಲಾಗುತ್ತದೆ. ನಿಮ್ಮ ಒಬ್ಬರ ರಕ್ತ ನೋಡಿ ಇದು ಅಪ್ಪನ ಎಣ್ಣೆಯಿಂದ ಆಗಿದ್ದು ಅಂತ ಯಾವ ಲ್ಯಾಬೂ ಹೇಳಲಾರದು. ಅದಕ್ಕೆ ದುಡ್ಡು ಸುರಿಯಬೇಡಿ.

ಗುರುತು ಬಿದ್ದರೆ ಹೋಗುವುದೇ ಇಲ್ಲ ಅಂತಲೂ ಅಲ್ಲ. ಸಿಗರೇಟು ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಅನ್ನೋ ಜೀನ್ ಮೇಲಿನ ಮೀಥೈಲ್ ಕಡಿಮೆಯಾಗುತ್ತದೆ, ಬಿಟ್ಟ ಮೇಲೆ ವರ್ಷಗಳಲ್ಲಿ ಮೆಲ್ಲಗೆ ಮೊದಲಿನ ಕಡೆಗೆ ಬರುತ್ತದೆ. ಡಿಡಿಟಿ ವಿಷಯದಲ್ಲೂ ಹಾಗೇ ಆಗುತ್ತದೆ ಅಂತ ಭರವಸೆ ಕೊಡಲಾರೆ, ಹೊಸದಾಗಿ ಸೇರುವುದನ್ನಂತೂ ತಡೆಯಬಹುದು.

ಕೃಷಿಯಲ್ಲಿ ಡಿಡಿಟಿ ನಿಂತಿದ್ದು 1989ರಲ್ಲಿ, ಎಂಡೋಸಲ್ಫಾನ್ ನಿಂತಿದ್ದು 2011ರಲ್ಲಿ. ಆದರೂ ನಮ್ಮ ಕಡೆ ಎಷ್ಟೋ ಮನೆಗಳ ಅಟ್ಟದ ಮೇಲೆ ಹೆಸರು ಅಳಿಸಿಹೋದ ಹಳೇ ಡಬ್ಬಿ, ಗಂಟು ಕಟ್ಟಿದ ಪುಡಿ ಇರುತ್ತದೆ, ಅಲ್ವಾ? ಅದನ್ನು ಸುಡಬೇಡಿ, ಸುಟ್ಟರೆ ಡಯಾಕ್ಸಿನ್‌ನಂಥ ಇನ್ನೂ ಕೆಟ್ಟ ವಿಷ ಹುಟ್ಟಬಹುದು. ಹಳ್ಳಕ್ಕೂ ಸುರಿಯಬೇಡಿ. ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ರೈತ ಸಂಪರ್ಕ ಕೇಂದ್ರದಲ್ಲಿ ಏನು ಮಾಡಬೇಕು ಅಂತ ಕೇಳಿ. ಖಾಲಿ ಡಬ್ಬಿ ತೊಳೆದು ನೀರು, ಮಜ್ಜಿಗೆ ತುಂಬುವುದಂತೂ ಬೇಡವೇ ಬೇಡ. ಅಪ್ಪ ಈಗಲೂ ಎಣ್ಣೆ ಹೊಡೆಯುತ್ತಿದ್ದರೆ, ಕೂಸನ್ನು ಎತ್ತಿಕೊಳ್ಳುವ ಮುಂಚೆ ಸ್ನಾನ ಮಾಡಲಿ, ಆ ಅಂಗಿ ಧೋತರ ಕೂಸಿನ ಬಟ್ಟೆ ಜೊತೆ ನೆನೆಸಬೇಡಿ.