ತಮ್ಮ ಅಂದ್ರೆ ಯಾರ ತಮ್ಮ?

ಪ್ರಶ್ನೆ: 'ಗೇಮ್ ಆಫ್ ಥ್ರೋನ್ಸ್' ಟಿವಿ ಸರಣಿಗೆ ಮೂಲವಾದ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಕಾದಂಬರಿ ಸರಣಿಯ ಐದೂ ಪುಸ್ತಕ ಓದಿ ಮುಗಿಸಿದೆ. ಅದರಲ್ಲಿ ಬರುವ ಭವಿಷ್ಯವಾಣಿಗಳು ತಲೆಗೆ ಹತ್ತುತ್ತಿಲ್ಲ. ರಾಣಿ ಸೆರ್ಸಿಯನ್ನು ಕೊಲ್ಲುವ 'ವಾಲೊನ್‌ಕಾರ್' ಯಾರು? ಆರನೇ ಪುಸ್ತಕವೇ ಬಂದಿಲ್ಲ. ಹೀಗಿರುವಾಗ ಇವನ್ನೆಲ್ಲ ಬಿಡಿಸುತ್ತಾ ಕೂರುವುದರಲ್ಲಿ ಅರ್ಥ ಇದೆಯಾ?

ಉತ್ತರ:

ಖಂಡಿತ ಇದೆ. ಕಲಬುರಗಿಯಲ್ಲಿ ನಾವು ನಾಲ್ಕು ಜನ ಗೆಳೆಯರು ಎಷ್ಟೋ ವರ್ಷದಿಂದ ಇದನ್ನೇ ಮಾಡುತ್ತಿದ್ದೇವೆ. ಭಾನುವಾರ ಬೆಳಿಗ್ಗೆ ಸುಸಲಾ-ಮಿರ್ಚಿ ತಿಂದು ನಮ್ಮ ಮನೆ ಕಟ್ಟೆ ಮೇಲೆ ಕೂತರೆ ಬಿಸಿಲು ಏರುವವರೆಗೂ ಇದೇ ಮಾತು. ಇನ್ನೂ ಪುಸ್ತಕ ಓದದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ.

ಮೊದಲು ನಿಮ್ಮ ವಾಲೊನ್‌ಕಾರ್ ವಿಷಯ. 2005ರಲ್ಲಿ ಬಂದ ನಾಲ್ಕನೇ ಪುಸ್ತಕದಲ್ಲಿ ಸೆರ್ಸಿ ತನ್ನ ಚಿಕ್ಕಂದಿನ ಒಂದು ರಾತ್ರಿ ನೆನಪಿಸಿಕೊಳ್ಳುತ್ತಾಳೆ. ಕಣಿ ಹೇಳುವ ಮ್ಯಾಗಿಯ ಹತ್ತಿರ ಹೋಗಿದ್ದಳು. ಮ್ಯಾಗಿ ಅವಳ ರಕ್ತದ ಹನಿ ನೆಕ್ಕಿ ನೋಡಿ ಕಣಿ ಹೇಳಿದಳು. ನೀನು ರಾಣಿ ಆಗುತ್ತೀ, ಆದರೆ ನಿನಗಿಂತ ಚಿಕ್ಕವಳು, ಚೆಲುವೆ ಒಬ್ಬಳು ಬಂದು ನಿನ್ನನ್ನು ಕೆಳಗಿಳಿಸುತ್ತಾಳೆ. ನಿನಗೆ ಮೂರು ಮಕ್ಕಳು, ಮೂವರಿಗೂ ಚಿನ್ನದ ಕಿರೀಟ, ಚಿನ್ನದ ಹೆಣವಸ್ತ್ರ. ಕೊನೆಗೆ ವಾಲೊನ್‌ಕಾರ್ ನಿನ್ನ ಕುತ್ತಿಗೆ ಹಿಚುಕಿ ಕೊಲ್ಲುತ್ತಾನೆ. ವಾಲೊನ್‌ಕಾರ್ ಅನ್ನುವುದು ಆ ಕಥೆಯ ಲೋಕದ ಹಳೆಯ ಭಾಷೆ ವಲೇರಿಯನ್‌ನ ಮಾತು, ತಮ್ಮ ಅಂತ ಅರ್ಥ. ಸೆರ್ಸಿಗೆ ಮೊದಲಿನಿಂದಲೂ ತಮ್ಮ ಟಿರಿಯನ್ ಕಂಡರೆ ಆಗುವುದಿಲ್ಲ. ತಮ್ಮ ಅಂದರೆ ಅವನೇ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಒಂದು ಭಾನುವಾರ ಈ ಪುಟವನ್ನೇ ಗೆಳೆಯರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಪಕ್ಕದಲ್ಲಿ ನಮ್ಮ ಆಯಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಾ ಕೂತಿದ್ದರು. ಕೈ ನಿಲ್ಲಿಸಿ ಕೇಳಿದರು.

"ತಮ್ಮ ಅಂದ್ರ ಯಾರ ತಮ್ಮನೋ?"

"ಆಕೀ ತಮ್ಮನೇ ಇರ್ಬೇಕಲ್ಲ ಆಯಿ."

"ಹಂಗಂತ ಕಣಿ ಹೇಳ್ದಾಕಿ ಹೇಳ್ಯಾಳೇನು?"

ಪುಸ್ತಕ ತೆಗೆದು ನೋಡಿದೆ. ಹೇಳಿಲ್ಲ! 'ನಿನ್ನ ವಾಲೊನ್‌ಕಾರ್' ಅಂತ ಎಲ್ಲೂ ಇಲ್ಲ. ಬರೀ 'ಆ ವಾಲೊನ್‌ಕಾರ್' ಅಂತ ಇದೆ. ಆಯಿ ಮತ್ತೆ ಮೊರಕ್ಕೆ ಕೈ ಹಾಕುತ್ತಾ ಅಂದರು: "ನಿನಗೂ ತಮ್ಮಾ ಅಂತೀನಿ, ಹಾಲು ಹಾಕಾಂವಗೂ ತಮ್ಮಾ ಅಂತೀನಿ, ಬಸ್ಸಿನ ಕಂಡಕ್ಟರ್‌ಗೂ ಅಂತೀನಿ. ನೀವೆಲ್ಲಾ ನನ್ನ ಬೆನ್ನಿಗೆ ಬಿದ್ದವ್ರೇನು?"

ಆ ಒಂದು ಮಾತಿನಿಂದ ನಮ್ಮ ಓದೇ ಬದಲಾಯಿತು. ನಮ್ಮ ಕಡೆ ತನಗಿಂತ ಚಿಕ್ಕ ಹುಡುಗ ಯಾರೇ ಆಗಲಿ, ಅವನು ತಮ್ಮನೇ. ಆಯಿಗೆ ಅದು ದಿನದ ಮಾತು. ಅಷ್ಟು ದಿನ ನಾವು ಸೆರ್ಸಿಯ ಕಿವಿಯಿಂದಲೇ ಆ ಮಾತು ಕೇಳಿಸಿಕೊಂಡಿದ್ದೆವು. ಅವಳು ಟಿರಿಯನ್ ಅಂದಳು ಅಂತ ನಾವೂ ಟಿರಿಯನ್ ಅಂದುಕೊಂಡಿದ್ದೆವು.

ನಮ್ಮಪ್ಪನದು ಗಂಜ್‌ನಲ್ಲಿ ತೊಗರಿಯ ಅಡತ್ ಅಂಗಡಿ. ಮನೆಯಲ್ಲಿ ಕೆಂಪು ಬಟ್ಟೆಯ ಹೊದಿಕೆ ಇರುವ ಉದ್ದನೆಯ ಕಿರ್ದಿ ಪುಸ್ತಕಗಳು ಯಾವಾಗಲೂ ಇರುತ್ತವೆ. ಒಂದು ಖಾಲಿ ಕಿರ್ದಿ ಕೇಳಿ ತಗೊಂಡೆ. ಪುಟಕ್ಕೆ ನಾಲ್ಕು ಗೆರೆ ಎಳೆದೆ. ಹೇಳಿದವರು ಯಾರು, ಕೇಳಿದವರು ಯಾರು, ಕೇಳಿದವರು ಏನಂತ ತಿಳಿದರು, ಕೊನೆಗೆ ಆಗಿದ್ದೇನು. ಐದೂ ಪುಸ್ತಕದ ಕನಸು, ಕಣಿ, ಬೆಂಕಿಯಲ್ಲಿ ಕಂಡ ನೋಟ ಎಲ್ಲವನ್ನೂ ಇದರಲ್ಲಿ ಬರೆಯುತ್ತಾ ಹೋದೆವು. ನೀವೂ ಹೀಗೆ ಒಮ್ಮೆ ಮಾಡಿ ನೋಡಿ. ಮೂರನೇ ಕಾಲಂ ತುಂಬುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಆ ಕಾಲಂನಲ್ಲಿ ಇರುವುದೆಲ್ಲ ಕೇಳಿದವರ ಭಯ, ಇಲ್ಲವೇ ಅವರ ಆಸೆ.

ಎರಡನೇ ಪುಸ್ತಕದಲ್ಲಿ ಜೋಜೆನ್ ಅನ್ನುವ ಹುಡುಗನಿಗೆ ಕನಸು ಬೀಳುತ್ತದೆ. ವಿಂಟರ್‌ಫೆಲ್ ಕೋಟೆಗೆ ಸಮುದ್ರ ನುಗ್ಗುತ್ತದೆ, ಅಂಗಳದಲ್ಲಿ ಹೆಣ ತೇಲುತ್ತವೆ. ವಿಂಟರ್‌ಫೆಲ್ ಎಲ್ಲಿ, ಸಮುದ್ರ ಎಲ್ಲಿ? ಕಲಬುರಗಿ ಕೋಟೆಗೆ ಅರಬ್ಬಿ ಸಮುದ್ರ ಬಂತು ಅಂದ ಹಾಗೆ. ಸಾಯುವವರ ಪಟ್ಟಿಯಲ್ಲಿದ್ದ ಒಬ್ಬ ಕಾವಲುಗಾರ ಮುಳುಗಿ ಸಾಯುತ್ತೇನೆ ಅನ್ನೋ ಹೆದರಿಕೆಗೆ ಸ್ನಾನವನ್ನೇ ಬಿಡುತ್ತಾನೆ. ಆಮೇಲೆ ಬಂದವರು ಥಿಯಾನ್ ಮತ್ತು ಅವನ ಕಡಲ ಜನ. ರಾತ್ರಿ ಗೋಡೆ ಹತ್ತಿ ಕೋಟೆ ಹಿಡಿದರು. ಆ ಕಾವಲುಗಾರನೂ ಸತ್ತ. ಕನಸು ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ. ಅವನು ನೀರಿಗೆ ಹೆದರಿದ, ಕತ್ತಿ ಹಿಡಿದವರು ಬಂದರು.

ಬೆಂಕಿಯಲ್ಲಿ ಭವಿಷ್ಯ ನೋಡುವ ಪೂಜಾರಿಣಿ ಮೆಲಿಸಾಂಡ್ರೆಯದೂ ಇದೇ ಕಥೆ. ಬೆಂಕಿಯಲ್ಲಿ ಅವಳಿಗೆ ಬೂದು ಬಟ್ಟೆಯ ಹುಡುಗಿ ಕಾಣುತ್ತಾಳೆ. ಸಾಯುತ್ತಿರುವ ಕುದುರೆ ಏರಿ, ಬೇಡದ ಮದುವೆಯಿಂದ ಓಡಿ ಬರುತ್ತಿದ್ದಾಳೆ. ಜಾನ್ ಸ್ನೋನ ತಂಗಿ ಆರ್ಯಾ ಇವಳೇ ಅಂತ ಹೇಳಿಬಿಡುತ್ತಾಳೆ. ಬಂದವಳು ಆಲಿಸ್ ಕಾರ್‌ಸ್ಟಾರ್ಕ್. ಹುಡುಗಿ, ಕುದುರೆ, ಮದುವೆ ಎಲ್ಲ ಸರಿ, ಹೆಸರು ಮಾತ್ರ ತಪ್ಪು. ಇನ್ನೊಂದು ಕಡೆ ಅವಳು ಅಜೋರ್ ಅಹಾಯ್ ಅನ್ನುವ ವೀರನನ್ನು ತೋರಿಸು ಅಂತ ಬೇಡಿಕೊಂಡರೆ ಬೆಂಕಿ ಬರೀ 'ಸ್ನೋ' ತೋರಿಸುತ್ತದೆ. ಸ್ನೋ ಅಂದರೆ ಹಿಮ ಹೌದು, ಜಾನ್‌ನ ಅಡ್ಡಹೆಸರೂ ಹೌದು. ಆ ವೀರ ರಾಜ ಸ್ಟ್ಯಾನಿಸ್‌ನೇ ಅಂತ ಅಷ್ಟು ನಂಬಿಕೆ ಇಟ್ಟವಳಿಗೆ ಆ ಇನ್ನೊಂದು ಅರ್ಥ ಹೊಳೆಯುವುದೇ ಇಲ್ಲ.

ಈಗ ಆಯಿಯ ಬಗ್ಗೆ ಇನ್ನೊಂದು ಮಾತು. ಅವರ ತವರು ಕೊಡೇಕಲ್ ಹತ್ತಿರ, ಯಾದಗಿರಿ ಜಿಲ್ಲೆಯ ಹುಣಸಗಿ ತಾಲೂಕು. 16ನೇ ಶತಮಾನದ ಕೊಡೇಕಲ್ ಬಸವಣ್ಣನವರ ಕಾಲಜ್ಞಾನ ವಚನಗಳು ಆ ಸೀಮೆಯಲ್ಲಿ ಇವತ್ತಿಗೂ ಜನರ ಬಾಯಲ್ಲಿವೆ. ಆ ಪರಂಪರೆಯ ಹೊತ್ತಿಗೆಗಳಲ್ಲಿ ಅಮರಗನ್ನಡ ಅನ್ನುವ ಬೇರೆಯದೇ ಲಿಪಿ ಇದೆ. ಮಾತು ಕನ್ನಡವೇ, ಅಕ್ಷರ ಮಾತ್ರ ಗೊತ್ತಿದ್ದವರಿಗಷ್ಟೇ ಗೊತ್ತು. ಅಂದರೆ ಊರಿನ ಜನ ಕೇಳಿಸಿಕೊಂಡಿದ್ದು ಇನ್ನೊಬ್ಬರು ಓದಿ ಹೇಳಿದ್ದನ್ನು. ಆಯಿ ಬೆಳೆದಿದ್ದು ಇಂಥ ಮಾತುಗಳ ನಡುವೆ. ಅದಕ್ಕೇ ಅವರಿಗೆ ಮೊದಲು ಬರುವ ಪ್ರಶ್ನೆ 'ಯಾರು ಹೇಳಿದ್ರು, ಹೆಂಗ ಹೇಳಿದ್ರು' ಅನ್ನೋದು. ಅರ್ಥದ ಮಾತು ಆಮೇಲೆ.

ಹೂವಿನಹಡಗಲಿ ಕಡೆಯ ಮೈಲಾರದ ಕಾರ್ಣಿಕ ನೀವು ಟಿವಿಯಲ್ಲಾದರೂ ನೋಡಿರುತ್ತೀರಿ. ಭರತ ಹುಣ್ಣಿಮೆ ಸಮಯದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲು ನುಡಿಯುತ್ತಾರೆ. ಅದೇ ಸಾಲಿನಲ್ಲಿ ರೈತರು ಮಳೆ ಬೆಳೆ ನೋಡುತ್ತಾರೆ, ರಾಜಕೀಯದವರು ಕುರ್ಚಿ ನೋಡುತ್ತಾರೆ. ನನ್ನ ಕಿರ್ದಿಯ ಮೂರನೇ ಕಾಲಂ ಇದೇ ಅಲ್ವಾ?

ಭಾಷೆಯ ಕಡೆಗೂ ಸ್ವಲ್ಪ ಗಮನ ಕೊಡಿ. ಇದು ನನಗೆ ತುಂಬಾ ಇಷ್ಟವಾದ ಜಾಗ. ನಾಲ್ಕನೇ ಪುಸ್ತಕದಲ್ಲಿ ನೂರು ದಾಟಿದ ಮುದುಕ ಏಮನ್ ಹಡಗಿನಲ್ಲಿ ಸಾಯುವ ಮುಂಚೆ ಒಂದು ತಪ್ಪು ಕಂಡುಹಿಡಿಯುತ್ತಾನೆ. ಜಗತ್ತು ಉಳಿಸಲು ಬರುವ 'ರಾಜಕುಮಾರ' ಅಂತ ಎಲ್ಲರೂ ಗಂಡಸನ್ನೇ ಹುಡುಕುತ್ತಿದ್ದರು. ಡ್ರ್ಯಾಗನ್‌ಗಳಿಗೆ ಗಂಡು ಹೆಣ್ಣು ಅಂತ ಒಂದೇ ಲೆಕ್ಕ ಇಲ್ಲ, ತಪ್ಪು ಬಂದಿದ್ದು ಅನುವಾದದಲ್ಲಿ ಅನ್ನುತ್ತಾನೆ. ಅವನ ಪ್ರಕಾರ ಆ ಮಾತು ಡ್ರ್ಯಾಗನ್‌ಗಳ ಒಡತಿ ಡೆನೆರಿಸ್‌ಗೂ ಸಲ್ಲುತ್ತದೆ. ಇದನ್ನು ಕನ್ನಡಕ್ಕೆ ತರುವಾಗ 'ಅರಸುಮಗ' ಅಂದರೆ ಬಾಗಿಲು ಮುಚ್ಚಿಹೋಯಿತು. 'ಅರಸರ ಕೂಸು' ಅಂದರೆ ಬಾಗಿಲು ತೆರೆದೇ ಇರುತ್ತದೆ. ಕೂಸಿಗೆ ನಾವು 'ಅದು' ಅಂತೀವಿ. ಈಗ ಅದೇ ಪುಸ್ತಕದ ವಾಲೊನ್‌ಕಾರ್‌ಗೆ ಇದನ್ನು ಹಚ್ಚಿ ನೋಡಿ. ತಮ್ಮ ಅನ್ನೋ ಜಾಗದಲ್ಲಿ ತಂಗಿಯೂ ಇರಬಹುದಾ? ನಮ್ಮ ಗುಂಪಿನಲ್ಲಿ ಒಬ್ಬಳು ಇದನ್ನೇ ಹಿಡಿದುಕೊಂಡಿದ್ದಾಳೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ತಳ್ಳಿಹಾಕಲೂ ಆಗುತ್ತಿಲ್ಲ.

ಇನ್ನೊಂದು ಕಡೆ ಸೆರ್ಸಿ ಪೂರಾ ನಮ್ಮ ಕಂಸನ ಹಾಗೆ. ಕಂಸ ತಂಗಿಯ ಮದುವೆ ರಥ ತಾನೇ ಹೊಡೆಯುತ್ತಿದ್ದ, ಅಷ್ಟು ಪ್ರೀತಿ. ಎಂಟನೇ ಮಗುವಿನ ಮಾತು ಕಿವಿಗೆ ಬಿದ್ದಿದ್ದೇ ತಡ, ಅದೇ ತಂಗಿಯನ್ನು ಸೆರೆಗೆ ಹಾಕಿದ. ಅವಳ ಮಕ್ಕಳನ್ನು ಕೊಂದ, ತನ್ನ ವೈರಿಯನ್ನು ತಾನೇ ತಯಾರು ಮಾಡಿಕೊಂಡ. ಸೆರ್ಸಿಗೆ 'ಚಿಕ್ಕವಳು, ಚೆಲುವೆ' ಅಂದರೆ ಸೊಸೆ ಮಾರ್ಜರಿ. ಅವಳನ್ನು ಸಿಕ್ಕಿಸಲು ಧರ್ಮದ ಸೇನೆಯ ಕೈಗೆ ಮತ್ತೆ ಆಯುಧ ಕೊಡುತ್ತಾಳೆ, ಸುಳ್ಳು ಆರೋಪ ಹೊರಿಸುತ್ತಾಳೆ. ಕೊನೆಗೆ ಅದೇ ಧರ್ಮಗುರು ಅವಳನ್ನೇ ಹಿಡಿದು ಕೂಡಿಹಾಕುತ್ತಾನೆ. ಈ ಅಧ್ಯಾಯಗಳನ್ನು ಮಾತ್ರ ಇನ್ನೊಮ್ಮೆ ಓದಿ. ಕಣಿಯ ಮಾತು ನೆನಪಿಗೆ ಬಂದಾಗಲೆಲ್ಲ ಅವಳು ಒಂದು ತಪ್ಪು ಹೆಜ್ಜೆ ಇಡುತ್ತಾಳೆ. ಮೊದಲ ಓದಿನಲ್ಲಿ ನನಗೂ ಇದು ಕಂಡಿರಲಿಲ್ಲ.

ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್‌ಗೆ ಈ ಆಟ ಸಿಕ್ಕಿದ್ದು ಇತಿಹಾಸದಲ್ಲೇ. ಇಂಗ್ಲೆಂಡಿನಲ್ಲಿ 1455ರ ಸೇಂಟ್ ಆಲ್ಬನ್ಸ್ ಯುದ್ಧದ ಬಗ್ಗೆ ಒಂದು ಕಥೆ ಇದೆ. ಕೋಟೆಯ ಹತ್ತಿರ ಸಾವು ಅಂತ ಭವಿಷ್ಯ ಕೇಳಿದ್ದ ಸಾಮರ್‌ಸೆಟ್ ಡ್ಯೂಕ್ ಕೋಟೆಗಳಿಂದ ದೂರ ಇದ್ದನಂತೆ. ಸತ್ತಿದ್ದು 'ಕ್ಯಾಸಲ್' ಅನ್ನೋ ಹೆಸರಿನ ಛತ್ರದ ಮುಂದೆ. ಮಾರ್ಟಿನ್ ಸಂದರ್ಶನದಲ್ಲಿ ಈ ಕಥೆ ಹೇಳಿದ್ದಾರೆ.

ಟಿವಿ ಸರಣಿಯಿಂದ ಉತ್ತರ ಹುಡುಕಬೇಡಿ. 2015ರಲ್ಲಿ ಐದನೇ ಸೀಸನ್ ಮ್ಯಾಗಿಯ ದೃಶ್ಯದಿಂದಲೇ ಶುರುವಾಗುತ್ತದೆ, ಆದರೆ ವಾಲೊನ್‌ಕಾರ್ ಮಾತನ್ನೇ ಕೈಬಿಟ್ಟರು. 2019ರ ಕೊನೆಯಲ್ಲಿ ಸೆರ್ಸಿ ಸಾಯುವುದು ಅರಮನೆಯ ಕಲ್ಲುಗಳ ಕೆಳಗೆ. ಪುಸ್ತಕದ ಒಗಟಿಗೂ ಅದಕ್ಕೂ ಸಂಬಂಧ ಕಟ್ಟಲು ಹೋದರೆ ಎರಡೂ ಕೆಡುತ್ತವೆ.

ಹಾಗಾದರೆ ವಾಲೊನ್‌ಕಾರ್ ಯಾರು? ನನ್ನ ಲೆಕ್ಕ ಜೇಮಿ ಮೇಲೆ. ಅವಳಿ ಆದರೂ ಅವನು ಹುಟ್ಟಿದ್ದು ಸೆರ್ಸಿಯ ಹಿಂದೆ, ಅವಳ ಕಾಲು ಹಿಡಿದುಕೊಂಡೇ ಬಂದನಂತೆ. ಬೆನ್ನಿಗೆ ಬಿದ್ದವನು ಅಂದರೆ ಇವನೇ. ಸೆರ್ಸಿಗೆ ಆ ಯೋಚನೆ ಬರುವುದೇ ಇಲ್ಲ, ಯಾಕೆಂದರೆ ಅವನನ್ನು ಅವಳು ತನ್ನ ಇನ್ನೊಂದು ಅರ್ಧ ಅಂದುಕೊಂಡಿದ್ದಾಳೆ. ನಾಲ್ಕನೇ ಪುಸ್ತಕದ ಕೊನೆಯಲ್ಲಿ ಸೆರೆಯಿಂದ ಅವಳ ಪತ್ರ ಬರುತ್ತದೆ, ಬೇಗ ಬಾ, ನನ್ನನ್ನು ಕಾಪಾಡು ಅಂತ. ಪತ್ರದ ಮೇಲೆ ಹಿಮದ ಒಂದು ಹರಳು ಬಿದ್ದು ಕರಗುತ್ತದೆ, ಶಾಯಿ ಹರಡುತ್ತದೆ. ಜೇಮಿ ಅದನ್ನು ಬೆಂಕಿಗೆ ಹಾಕು ಅನ್ನುತ್ತಾನೆ. ಅವನು ಅವಳಿಂದ ದೂರ ಆಗಿದ್ದು ನನಗೆ ಅಲ್ಲಿ ಅರ್ಥವಾಯಿತು. ಕುತ್ತಿಗೆ ಹಿಚುಕಲು 'ಕೈಗಳು' ಅಂತ ಇದೆ, ಜೇಮಿಗೆ ಈಗ ಒಂದೇ ಕೈ, ಇನ್ನೊಂದು ಬಂಗಾರದ್ದು ಅಂತ ನನ್ನ ಗೆಳೆಯ ತಕರಾರು ತೆಗೆಯುತ್ತಾನೆ. ತಕರಾರು ನ್ಯಾಯವಾದದ್ದೇ. ಅದಕ್ಕೇ ನಾಲ್ಕನೇ ಕಾಲಂನಲ್ಲಿ ಜೇಮಿ ಹೆಸರು ಪೆನ್ಸಿಲ್‌ನಲ್ಲಿದೆ.

ಮುಂದಿನ ಪುಸ್ತಕದ ಬಗ್ಗೆ ನಿಮಗಿರುವ ಬೇಸರ ನನಗೂ ಇದೆ. ಐದನೆಯದು ಬಂದಿದ್ದು 2011ರಲ್ಲಿ, ಆಮೇಲೆ ಕಾಯುವುದೇ ಆಯಿತು. ಆದರೆ ಜಾನ್‌ನ ತಾಯಿ ಯಾರು ಅನ್ನುವುದನ್ನು ನೋಡಿ. 1996ರ ಮೊದಲ ಪುಸ್ತಕದ ಸುಳಿವುಗಳಿಂದಲೇ ಓದುಗರು ಅದು ಲಯಾನಾ, ಅಂದರೆ ಜಾನ್‌ನ ತಂದೆ ಅಂತ ಎಲ್ಲರೂ ತಿಳಿದಿದ್ದ ನೆಡ್‌ನ ತಂಗಿ, ಅಂತ ಊಹಿಸಿದ್ದರು. ಟಿವಿಯಲ್ಲಿ ಅದು ಬಂದಿದ್ದು 2016ರಲ್ಲಿ. ಸುಳಿವುಗಳೆಲ್ಲ ನಿಜವಾಗಿಯೂ ಪುಟದ ಮೇಲೇ ಇದ್ದವು.

ಈ ಭಾನುವಾರ ಬಿಸಿಲು ಜಾಸ್ತಿ ಅಂತ ಸಂಜೆ ಅಪ್ಪನ ಕೆರೆ ದಂಡೆಯಲ್ಲಿ ಸೇರುತ್ತಿದ್ದೇವೆ. ಆರ್ಯಾಳ ಅಕ್ಕ ಸಾನ್ಸಾಳ ಸರದಿ. ಮೂರನೇ ಪುಸ್ತಕದ ಕುಳ್ಳ ಮುದುಕಿಗೆ ಎರಡು ಕನಸು ಬೀಳುತ್ತವೆ. ಕೂದಲಲ್ಲಿ ನೇರಳೆ ಹಾವುಗಳಿರುವ ಹುಡುಗಿ, ಆಮೇಲೆ ಅದೇ ಹುಡುಗಿ ಹಿಮದ ಕೋಟೆಯಲ್ಲಿ ದೈತ್ಯನನ್ನು ಕೊಲ್ಲುವುದು. ಮೊದಲನೆಯದು ಸೆರ್ಸಿಯ ಮಗ ಜಾಫ್ರಿಯ ಮದುವೆಯ ದಿನ ಸಾನ್ಸಾಳ ತಲೆಯಲ್ಲಿದ್ದ ವಿಷದ ಹರಳುಗಳ ಬಲೆ, ಅದು ಮುಗಿದ ಲೆಕ್ಕ. ಎರಡನೆಯದು ಅವಳು ಕಟ್ಟಿದ ಹಿಮದ ಕೋಟೆಯಲ್ಲಿ ಹರಿದುಹೋದ ಗೊಂಬೆ ಅಷ್ಟೇ ಅಂತ ಇಬ್ಬರು. ಸಾನ್ಸಾಳನ್ನು ಅಡಗಿಸಿಟ್ಟಿರುವ ಲಿಟಲ್‌ಫಿಂಗರ್‌ನ ಮನೆತನದ ಹಳೆಯ ಗುರುತು ಬ್ರಾವೋಸ್‌ನ ದೈತ್ಯನ ತಲೆ, ಹಾಗಾಗಿ ಇನ್ನೂ ಆಗುವುದಿದೆ ಅಂತ ಇನ್ನಿಬ್ಬರು. ನೀವು ಈ ಕಡೆಯವರಾದರೆ ಬನ್ನಿ. ನಿಮ್ಮ ಮೂರನೇ ಪುಸ್ತಕವನ್ನೂ ತನ್ನಿ, ನಮ್ಮದರಲ್ಲಿ ಆ ಪುಟ ಕಿತ್ತುಬಂದಿದೆ.